ಶಸ್ತ್ರಚಿಕಿತ್ಸೆಗೆ ಮುಂಚಿನ ನಲವತ್ತೊಂದು ದಿನ

(ಸಾಗರದಲ್ಲಿ ಗೆಳತಿಯರ ಬಳಗದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಜೀವವಿಜ್ಞಾನ ಕಲಿಸಿದವಳು ನಾನು. ಮೆದುಳಿನ ಚಿತ್ರವನ್ನು ಪ್ರತಿ ವರ್ಷ ಬಣ್ಣದ ಸೀಮೆಸುಣ್ಣದಲ್ಲಿ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಮುಮ್ಮೆದುಳು, ಹಿಮ್ಮೆದುಳು ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಎರಡು ವರ್ಷದ ಹಿಂದೆ ಅದೇ ಚಿತ್ರ ನನ್ನ ಗೆಳತಿಯ ಹೆಸರು ಹೊತ್ತ ಎಂಆರ್‌ಐ ಹಾಳೆಯಾಗಿ ನನ್ನ ಕೈಗೆ ಬಂತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ, ಎಡಗಡೆಯ ಬಿಳಿ ಗಂಟನ್ನು ಗುರುತಿಸಲು ನನಗೆ ಯಾರ ಸಹಾಯವೂ ಬೇಕಾಗಲಿಲ್ಲ.

ಅವಳ ಹೆಸರನ್ನು ಹೇಳುವುದಿಲ್ಲ. ಆದರೂ ನಿಮ್ಮಲ್ಲಿ ಬಹಳ ಮಂದಿಗೆ ಅವಳು ಯಾರೆಂದು ಗೊತ್ತು. ನಿಮ್ಮ ರವಿಕೆಗಳನ್ನು ಹೊಲಿದವಳು ಅವಳೇ. ನಾಲ್ಕನೆಯ ತರಗತಿಯಿಂದ ನಾವಿಬ್ಬರೂ ಒಂದೇ ಬೆಂಚಿನವರು. ಈ ಮಾತನ್ನು ಸಭೆಯಲ್ಲಿ ಆಡಬಹುದೇ ಎಂದು ಅವಳನ್ನು ಕೇಳಿಯೇ ಬಂದಿದ್ದೇನೆ. "ಎಲ್ಲವನ್ನೂ ಹೇಳು, ಆದರೆ ನಾನು ಧೈರ್ಯವಂತೆ ಎಂದು ಮಾತ್ರ ಹೇಳಬೇಡ" ಎಂದಳು. ಯಾಕೆ ಹಾಗೆಂದಳು ಎಂಬುದೇ ಇವತ್ತಿನ ವಿಷಯ.

ಮೊದಲ ಸೆಳೆತ ಬಂದದ್ದು ಅವಳ ಅಂಗಡಿಯಲ್ಲಿ. ಅದಕ್ಕೂ ಎರಡು ತಿಂಗಳ ಮುಂಚಿನಿಂದ ಕಾಜಾ ಹಾಕುವಾಗ ಬಲಗೈಯಿಂದ ಸೂಜಿ ಜಾರುತ್ತಿತ್ತು. ಕಣ್ಣಿನ ದೋಷವೆಂದು ಕನ್ನಡಕ ಬದಲಾಯಿಸಿದ್ದಳು. ಆ ದಿನ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಾಗ ಬಲಗೈಯ ಹೆಬ್ಬೆರಳು ತಾನಾಗಿಯೇ ಅದುರತೊಡಗಿತು. ಆಮೇಲೆ ಇಡೀ ಕೈ, ಆಮೇಲೆ ಬಾಯಿಯ ಬಲಬದಿ, ಆಮೇಲೆ ಅವಳಿಗೆ ಪ್ರಜ್ಞೆ ಇರಲಿಲ್ಲ. ಅಕ್ಕಪಕ್ಕದ ಅಂಗಡಿಯವರು ಓಡಿ ಬಂದರು. ಒಬ್ಬರು ಕಬ್ಬಿಣದ ಬೀಗದ ಕೈಯನ್ನು ಅವಳ ಮುಷ್ಟಿಗೆ ತುರುಕಿದರು, ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು, ಮತ್ತೊಬ್ಬರು ನಾಲಿಗೆ ಕಚ್ಚಿಕೊಂಡಾಳೆಂದು ಹಲ್ಲಿನ ನಡುವೆ ಚಮಚ ತೂರಿಸಿದರು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಚಮಚದಿಂದ ತುಟಿ ಸೀಳಿತು, ಉಳಿದ ಎರಡರಿಂದ ಏನೂ ಆಗಲಿಲ್ಲ.

ಇದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನಾಳೆಯೇ ನಿಮ್ಮೆದುರು ಯಾರಿಗಾದರೂ ಹೀಗಾಗಬಹುದು. ಮೂರ್ಛೆ ಬಂದವರ ಬಾಯಿಗೆ ಏನನ್ನೂ ಹಾಕಬಾರದು, ನೀರನ್ನೂ ಕೂಡ. ಒತ್ತಿ ಹಿಡಿಯಬಾರದು. ಸುತ್ತ ಇರುವ ಕತ್ತರಿ, ಕುರ್ಚಿಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಬೇಕು. ಹೆಚ್ಚಿನ ಸೆಳೆತಗಳು ಎರಡು ಮೂರು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ. ಐದು ನಿಮಿಷ ದಾಟಿದರೆ, ಅಥವಾ ಒಂದು ನಿಂತು ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ, 108ಕ್ಕೆ ಕರೆ ಮಾಡಬೇಕು. ಮೊದಲ ಬಾರಿಗೆ ಬಂದ ಮೂರ್ಛೆಯಾದರೆ, ನಿಂತಿತಲ್ಲ ಎಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಲೇಬೇಕು.

ಗಂಟಿನ ಹೆಸರು ಮೆನಿಂಜಿಯೋಮ. ಮೆದುಳನ್ನು ಮೂರು ಪದರಗಳ ಪೊರೆ ಸುತ್ತಿಕೊಂಡಿರುತ್ತದೆ. ಗಂಟು ಹುಟ್ಟುವುದು ಆ ಪೊರೆಯಲ್ಲಿ, ಮೆದುಳಿನಲ್ಲಲ್ಲ. 1922ರಲ್ಲಿ ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಇಟ್ಟ ಹೆಸರು ಅದು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಬಹುಪಾಲು ಸಂದರ್ಭಗಳಲ್ಲಿ ಕ್ಯಾನ್ಸರ್ ಅಲ್ಲ, ಬೆಳೆಯುವುದೂ ನಿಧಾನ. ಆದರೆ ತಲೆಬುರುಡೆಯೊಳಗೆ ಹೆಚ್ಚುವರಿ ಜಾಗವಿಲ್ಲ. ನಿಧಾನವಾಗಿ ಬೆಳೆದದ್ದೂ ಒಂದು ದಿನ ಪಕ್ಕದ ಮೆದುಳನ್ನು ಅದುಮುತ್ತದೆ. ಅವಳದು ನಿಂಬೆಹಣ್ಣಿನಷ್ಟಿತ್ತು, ಬಲಗೈಯನ್ನು ಆಡಿಸುವ ಭಾಗದ ಮೇಲೆ ಕುಳಿತಿತ್ತು. ಸೆಳೆತ ಹೆಬ್ಬೆರಳಿನಿಂದ ಶುರುವಾದದ್ದಕ್ಕೆ ಕಾರಣ ಅದೇ. ಕೆನಡಾದ ವೈಲ್ಡರ್ ಪೆನ್‌ಫೀಲ್ಡ್ ಮತ್ತು ಅವರ ಜೊತೆಗಾರರು 1937ರಲ್ಲಿ ಪ್ರಕಟಿಸಿದ ನಕ್ಷೆಯನ್ನು ನಾನು ತರಗತಿಯಲ್ಲಿ ಬರೆಯುತ್ತಿದ್ದೆ. ಚಲನೆಯನ್ನು ನೋಡಿಕೊಳ್ಳುವ ಮೆದುಳಿನ ಪಟ್ಟಿಯಲ್ಲಿ ಬೆನ್ನಿಗೆ ಚೂರೇ ಚೂರು ಜಾಗ; ಕೈಬೆರಳುಗಳಿಗೆ, ತುಟಿ ನಾಲಿಗೆಗೆ ಬೆಟ್ಟದಷ್ಟು. ಅದನ್ನು ಅವಳಿಗೂ ಒಂದು ಹಾಳೆಯ ಮೇಲೆ ಬರೆದು ತೋರಿಸಿದೆ. ಬಹಳ ಹೊತ್ತು ನೋಡಿ, "ನನ್ನ ಕೈಗೆ ಇಷ್ಟು ದೊಡ್ಡ ಮನೆಯೇ?" ಎಂದಳು. ಆಮೇಲೆ, "ಅಲ್ಲಿಗೇ ಕತ್ತರಿ ಹಾಕುತ್ತಾರೆ" ಎಂದಳು.

ನವರಾತ್ರಿಯ ಮೊದಲ ದಿನ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ, ಗಂಟನ್ನು ತೆಗೆಯಲೇಬೇಕು ಎಂದು ತೀರ್ಮಾನವಾಯಿತು. ತೆಗೆದದ್ದು ತುಳಸಿ ಹಬ್ಬದ ದಿನ. ನಡುವೆ ನಲವತ್ತೊಂದು ದಿನ. ಇಷ್ಟು ಗಂಭೀರವಾದದ್ದಕ್ಕೆ ಇಷ್ಟು ದಿನ ಯಾಕೆ ಎಂದು ಊರಿನಲ್ಲಿ ಎಲ್ಲರೂ ಕೇಳಿದರು. ಗಂಟಿನ ಸುತ್ತ ಮೆದುಳು ಊದಿಕೊಂಡಿತ್ತು, ಮೊದಲು ಅದನ್ನು ಮಾತ್ರೆಯಿಂದ ಇಳಿಸಬೇಕಿತ್ತು. ಸೆಳೆತ ಹತೋಟಿಗೆ ಬರಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ನಿಧಾನದ ಗಂಟು ಕಾಯಬಲ್ಲದು. ಅಪಘಾತದಲ್ಲಿ ತಲೆಗೆ ಏಟು ಬಿದ್ದು ರಕ್ತ ಹೆಪ್ಪುಗಟ್ಟಿದವರು ಕಾಯಲಾರರು. ಶಸ್ತ್ರಚಿಕಿತ್ಸೆಯ ಕೊಠಡಿಗಳು ಕೆಲವೇ ಇರುವಲ್ಲಿ ಸರದಿ ಹಾಗೆಯೇ ಸಾಗುತ್ತದೆ. ಇದು ನ್ಯಾಯವೆಂದು ಅವಳೂ ಒಪ್ಪಿದ್ದಳು. ಒಪ್ಪಿದ ಮಾತ್ರಕ್ಕೆ ರಾತ್ರಿ ನಿದ್ರೆ ಬರುವುದಿಲ್ಲ.

"ನಾವೇ ಫೋನ್ ಮಾಡುತ್ತೇವೆ" ಎಂದಿದ್ದರು. ಅಂದಿನಿಂದ ಆ ಮೊಬೈಲ್ ಅವಳ ಮಡಿಲು ಬಿಟ್ಟು ಇಳಿಯಲಿಲ್ಲ. ಗುರುತಿಲ್ಲದ ನಂಬರು ಬಂದರೆ ಮುಖ ಬಿಳಿಚಿಕೊಳ್ಳುತ್ತಿತ್ತು. ಎತ್ತಿದರೆ, ಸಾಲ ಬೇಕೇ ಎಂದು ಕೇಳುವವರು.

ಊರಿನ ಬಾಯಿಯ ಬಗ್ಗೆಯೂ ಹೇಳಬೇಕು. ಅವಳು ನಿಮ್ಹಾನ್ಸ್‌ಗೆ ಹೋಗಿದ್ದಾಳಂತೆ, ತಲೆ ಕೆಟ್ಟಿದೆಯಂತೆ ಎಂದು ಎರಡೇ ದಿನದಲ್ಲಿ ಸುದ್ದಿ ಹಬ್ಬಿತು. ಅವಳು ತೋರಿಸಿದ್ದು ಬೇರೆ ಆಸ್ಪತ್ರೆಯಲ್ಲಿ. ಆದರೆ ನಿಮ್ಹಾನ್ಸ್‌ಗೇ ಹೋಗಿದ್ದರೂ ಆಗಬಾರದ್ದೇನಿತ್ತು? 1974ರಲ್ಲಿ, ಬೆಂಗಳೂರಿನಲ್ಲಿದ್ದ ರಾಜ್ಯದ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಶುರುವಾಗಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಅದರ ಮೊದಲ ನಿರ್ದೇಶಕರಾದ ಡಾ. ಆರ್. ಮಾರ್ತಾಂಡವರ್ಮ ಸ್ವತಃ ನರಶಸ್ತ್ರವೈದ್ಯರು. ಮನಸ್ಸಿನ ಕಾಯಿಲೆ, ಮೆದುಳಿನ ಗಂಟು, ನರಗಳ ತೊಂದರೆ ಎಲ್ಲಕ್ಕೂ ಒಂದೇ ಆವರಣದಲ್ಲಿ ಚಿಕಿತ್ಸೆ ಸಿಗುವಂತೆ ಕಟ್ಟಿದ ಸಂಸ್ಥೆ ಅದು. ಅದರ ಹೆಸರನ್ನು ನಾವು ಬೈಗುಳದಂತೆ ಬಳಸುತ್ತೇವೆ. ಮದುವೆಯ ವಯಸ್ಸಿನ ಮಗಳಿದ್ದ ಆ ಮನೆಗೆ ಈ ಸುದ್ದಿ ಗಂಟಿಗಿಂತ ಭಾರವಾಯಿತು. ಗೆಳತಿಯಾಗಿ ನಾನು ಮಾಡಿದ ಮೊದಲ ಉಪಯುಕ್ತ ಕೆಲಸವೆಂದರೆ, ಅವಳ ಒಪ್ಪಿಗೆ ಪಡೆದು, ನಿಜ ಏನೆಂದು ನಾಲ್ಕು ಮನೆಗಳಲ್ಲಿ ಸ್ಪಷ್ಟವಾಗಿ ಹೇಳಿ ಬಂದದ್ದು. ನಿಜ ಹೊರಗೆ ಬಿದ್ದ ಮೇಲೆ ಪಿಸುಮಾತು ತಾನಾಗಿ ತಗ್ಗಿತು.

ಅದಕ್ಕಿಂತ ಮೊದಲು ಮಾಡಿದ್ದು ಉಪಯುಕ್ತವಾಗಿರಲಿಲ್ಲ. ಧೈರ್ಯ ಹೇಳಿದ್ದೆ.

ನಮ್ಮ ಕಡೆ ಕಾಯಿಲೆಯ ಮನೆಗೆ ಹೋಗುವುದೇ ಧೈರ್ಯ ಹೇಳಿ ಬರುವುದಕ್ಕೆ. ಎರಡು ಬಾಳೆಹಣ್ಣು, ಒಂದು ಬಿಸ್ಕತ್ತಿನ ಪೊಟ್ಟಣ, ಒಂದಿಷ್ಟು ಧೈರ್ಯ. ಏನೂ ಆಗುವುದಿಲ್ಲ, ದೇವರಿದ್ದಾನೆ, ಈಗೆಲ್ಲ ಲೇಸರ್ ಬಂದಿದೆ, ನಮ್ಮ ಚಿಕ್ಕಪ್ಪನಿಗೂ ಹೀಗೇ ಆಗಿತ್ತು ಎಂದು ಬಂದವರು ಹೇಳುತ್ತಿದ್ದರು. ಚಿಕ್ಕಪ್ಪನಿಗೆ ಆಮೇಲೆ ಏನಾಯಿತು ಎಂಬಲ್ಲಿ ಕೆಲವರು ತಡವರಿಸುತ್ತಿದ್ದರು. ಅವಳು ಎಲ್ಲರಿಗೂ ಕಾಫಿ ಮಾಡಿಸಿ, ಹೌದು ಹೌದು ಎಂದು ತಲೆಯಾಡಿಸಿ ಕಳುಹಿಸುತ್ತಿದ್ದಳು. ಬಂದವರಿಗೆ ಸಮಾಧಾನವಾಗಿರುತ್ತಿತ್ತು. ಐದನೆಯ ದಿನವೋ ಆರನೆಯ ದಿನವೋ, ನಾನೂ ವಿಜ್ಞಾನದ ಭಾಷೆಯಲ್ಲಿ ಅದನ್ನೇ ಮಾಡುತ್ತಿದ್ದೆ. ಕ್ಯಾನ್ಸರ್ ಅಲ್ಲವಂತೆ, ಪೊರೆಯ ಗಂಟಂತೆ, ಒಳ್ಳೆಯ ವೈದ್ಯರಂತೆ ಎಂದು. ಅವಳು ಕೈಯೆತ್ತಿ ನಿಲ್ಲಿಸಿದಳು.

"ಬಂದವರೆಲ್ಲ ಧೈರ್ಯ ಹೇಳಿ ಹೋಗುತ್ತಾರೆ. ನನ್ನ ಭಯ ಕೇಳುವವರು ಒಬ್ಬರೂ ಇಲ್ಲ ಮಾರಾಯ್ತಿ. ನೀನೂ ಅವರ ಜೊತೆ ಸೇರಿದರೆ ನಾನು ಯಾರಿಗೆ ಹೇಳಲಿ?"

ನನಗೆ ಉತ್ತರ ತೋಚಲಿಲ್ಲ. ಸುಮ್ಮನೆ ಕುಳಿತೆ. ಸ್ವಲ್ಪ ಹೊತ್ತಿಗೆ ಅವಳೇ ಶುರು ಮಾಡಿದಳು. ಅವಳ ಭಯ ಸಾವಿನದಾಗಿರಲಿಲ್ಲ. ಸಾವಿನ ಬಗ್ಗೆ ನಾವು ಅಷ್ಟು ಮಂದಿ ಅಷ್ಟು ಧೈರ್ಯ ಹೇಳಿದ್ದೆವಲ್ಲ, ಆ ಕಡೆ ಅವಳ ಮನಸ್ಸು ಹೋಗಿಯೇ ಇರಲಿಲ್ಲ. ಬಲಗೈ ಹೋದರೆ ಎಂಬುದು ಮೊದಲನೆಯದು. ಮಾತು ಹೋಗಿ, ಮನಸ್ಸು ಮಾತ್ರ ಉಳಿದು, ಎಲ್ಲರೂ ತನ್ನೆದುರೇ ತನ್ನ ಬಗ್ಗೆ ಮಾತಾಡಿಕೊಂಡರೆ ಎಂಬುದು ಎರಡನೆಯದು. ಮೂರನೆಯದನ್ನು ಹೇಳಲು ನಾಚಿದಳು. ತಲೆ ಬೋಳಿಸುತ್ತಾರೆಯೇ? ಎಂಬತ್ತು ದಾಟಿದ ಅವಳ ಅಮ್ಮನ ಕಣ್ಣಿಗೆ, ಗಂಡ ಬದುಕಿರುವ ಹೆಂಗಸಿನ ಬೋಳು ತಲೆ ಎಂದರೆ ಏನೆಂದು ಈ ಸಭೆಯಲ್ಲಿ ವಿವರಿಸಬೇಕಾಗಿಲ್ಲ. ಇಷ್ಟು ದೊಡ್ಡ ಕಾಯಿಲೆಯಲ್ಲಿ ಕೂದಲಿನ ಚಿಂತೆಯೇ ಎಂದು ಯಾರಾದರೂ ನಕ್ಕಾರೆಂದು ಇದನ್ನು ಗಂಡನಿಗೂ ಹೇಳಿರಲಿಲ್ಲ.

ಆ ದಿನದಿಂದ ನಾನು ದಿನಕ್ಕೊಮ್ಮೆ ಹೋಗಿ ಕೇಳಲು ಕುಳಿತೆ. ಉತ್ತರ ಗೊತ್ತಿರುವುದಕ್ಕೆ ಉತ್ತರ ಕೊಟ್ಟೆ. ಗೊತ್ತಿಲ್ಲದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು, ವೈದ್ಯರನ್ನು ಕೇಳುವುದಕ್ಕೆ. ಉತ್ತರವೇ ಇಲ್ಲದ್ದನ್ನು ಹಾಗೆಯೇ ಬಿಟ್ಟೆವು. ಇದು ಕೇಳುವಷ್ಟು ಸುಲಭವಲ್ಲ. ಇನ್ನೊಬ್ಬರ ಭಯ ಕೇಳುತ್ತಾ ಕುಳಿತರೆ ಗಂಟಲಿನ ತನಕ ಧೈರ್ಯದ ಮಾತು ಬಂದು ನಿಲ್ಲುತ್ತದೆ, ಅದನ್ನು ನುಂಗಿಕೊಳ್ಳಬೇಕು. ಅದು ಅವಳಿಗಾಗಿ ಬಂದ ಮಾತಲ್ಲ, ನನಗೆ ತಡೆಯಲಾಗದೆ ಬಂದದ್ದು ಎಂದು ನನಗೆ ಅರ್ಥವಾಗಲು ಒಂದು ವಾರ ಹಿಡಿಯಿತು.

ಅಂಗಡಿಯ ವಿಷಯ ಹೀಗೆ ಕೇಳುವಾಗಲೇ ಹೊರಬಂತು. ದೀಪಾವಳಿಗೆಂದು ಅರವತ್ತಕ್ಕೂ ಹೆಚ್ಚು ರವಿಕೆಗಳ ಬಟ್ಟೆ ಕತ್ತರಿಸಿದ್ದೂ ಕತ್ತರಿಸದ್ದೂ ಅಲ್ಲಿ ಬಿದ್ದಿದ್ದವು. ಜನ ಕಾಯಿಲೆಯವಳೆಂದು ಮರ್ಯಾದೆಯಿಂದ ಸುಮ್ಮನಿದ್ದರು. ಅವಳಿಗೆ ಆ ಮರ್ಯಾದೆಯೇ ಚುಚ್ಚುತ್ತಿತ್ತು. "ಏನಾದರೂ ಸಹಾಯ ಬೇಕಾದರೆ ಹೇಳಿ" ಎಂದು ನೂರು ಮಂದಿ ಹೇಳಿ ಹೋಗಿದ್ದರು. ಯಾರಿಗೆ ಏನು ಹೇಳುವುದು? ನಾನು ಅವಳ ಅಳತೆ ಪುಸ್ತಕ ತೆಗೆದುಕೊಂಡು ಕುಳಿತೆ. ಅವಳು ಹೇಳುತ್ತಾ ಹೋದಳು, ನಾನು ಪ್ರತಿ ಗಂಟಿಗೂ ಹೆಸರಿನ ಚೀಟಿ ಕಟ್ಟುತ್ತಾ ಹೋದೆ. ಕತ್ತರಿಸದ ಬಟ್ಟೆಗಳು, ಅಳತೆ ರವಿಕೆಗಳ ಸಮೇತ, ಮನೆಗಳಿಗೆ ಹಿಂದಿರುಗಿದವು. ಕತ್ತರಿಸಿದ್ದನ್ನು ಅವಳ ಹಳೆಯ ಶಿಷ್ಯೆಯೊಬ್ಬಳು ಬಂದು, ಅವಳ ಕಣ್ಣೆದುರೇ, ಅದೇ ಯಂತ್ರದಲ್ಲಿ ಹೊಲಿದು ಮುಗಿಸಿದಳು. ತೋಳು ಹೀಗಲ್ಲ, ಅಸ್ತರ್ ಎಳೆಯುತ್ತಿದೆ, ಬಿಚ್ಚು ಎಂದು ನನ್ನ ಗೆಳತಿ ಗದರುವುದನ್ನು ಕೇಳಿ ಅವಳ ಗಂಡ ಹೊರಗೆ ಹೋಗಿ ಕಣ್ಣು ಒರೆಸಿಕೊಂಡರು. ಎಷ್ಟೋ ದಿನಗಳಿಂದ ಆ ಮನೆಯಲ್ಲಿ ಅವಳ ಸ್ವರ ಏರಿರಲಿಲ್ಲ.

ಕಾಯುವವರನ್ನು ನಾವು ಆಗಲೇ ರೋಗಿ ಎಂದು ಮೂಲೆಗೆ ಕೂರಿಸಿಬಿಡುತ್ತೇವೆ. ಏಳಬೇಡ, ಯೋಚಿಸಬೇಡ, ನಾವೆಲ್ಲ ನೋಡಿಕೊಳ್ಳುತ್ತೇವೆ ಎನ್ನುತ್ತೇವೆ. ಯಂತ್ರದ ಮುಂದೆ ಕುಳಿತುಕೊಳ್ಳಬಾರದು, ಗಾಡಿ ಓಡಿಸಬಾರದು, ಒಲೆಯ ಹತ್ತಿರ ಒಬ್ಬಳೇ ಇರಬಾರದು, ಬಚ್ಚಲಿನ ಚಿಲಕ ಹಾಕಿಕೊಳ್ಳಬಾರದು. ಸೆಳೆತದ ಭಯವಿದ್ದುದರಿಂದ ಇವೆಲ್ಲ ಬೇಕಾಗಿದ್ದ ನಿಯಮಗಳು. ಆದರೆ ಅವಳ ಅಂಗಡಿಗೆ ಅವಳೇ ಯಜಮಾನಿಯಾಗಿರಬಾರದು ಎಂದು ಯಾವ ವೈದ್ಯರೂ ಹೇಳಿರಲಿಲ್ಲ.

ರಾತ್ರಿಗಳ ವಿಷಯ ಬೇರೆ. ಊತ ಇಳಿಸಲು ಕೊಟ್ಟದ್ದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ. ಎರಡು ಮೂರು ದಿನದಲ್ಲಿ ತಲೆನೋವು ಹಗುರಾಯಿತು, ಕೈಗೂ ಸ್ವಲ್ಪ ಬಲ ಬಂತು. ಜೊತೆಗೆ ರಾತ್ರಿ ಎರಡು ಗಂಟೆಗೆ ಹೊಟ್ಟೆ ಸುಡುವ ಹಸಿವು, ನಿದ್ರೆಯಿಲ್ಲ, ಸಣ್ಣದಕ್ಕೆಲ್ಲ ಸಿಡಿಮಿಡಿ. ಮಗಳ ಮೇಲೆ ತಟ್ಟೆ ಎಸೆದಳು. ಆಮೇಲೆ ತಾನೇ ಅತ್ತಳು. ನನ್ನ ಬುದ್ಧಿಯೇ ಹೋಗುತ್ತಿದೆಯೇ, ಗಂಟು ಅಲ್ಲಿಗೂ ಬಂತೇ ಎಂದು ಕೇಳಿದಳು. ಅದು ಗಂಟಲ್ಲ, ಮಾತ್ರೆ. ಈ ಔಷಧಿಗೆ ಇವೆಲ್ಲ ಗೊತ್ತಿರುವ ಪರಿಣಾಮಗಳು. ರಕ್ತದಲ್ಲಿ ಸಕ್ಕರೆಯನ್ನೂ ಏರಿಸುತ್ತದೆ. ಮನೆಯವರಿಗೆ ಇದನ್ನು ಮೊದಲೇ ಹೇಳಿದ್ದರೆ ಆ ತಟ್ಟೆಯ ನೋವು ಅರ್ಧವಾಗುತ್ತಿತ್ತು. ಫೋನಿನಲ್ಲಿ ವೈದ್ಯರನ್ನು ಕೇಳಿ, ದಿನದ ಕೊನೆಯ ಮಾತ್ರೆಯನ್ನು ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡ ಮೇಲೆ ನಿದ್ರೆ ಸ್ವಲ್ಪ ಸುಧಾರಿಸಿತು. ನೆರೆಯವರೊಬ್ಬರು, ಸ್ಟೀರಾಯ್ಡ್ ಕೆಟ್ಟದ್ದು, ಬಿಟ್ಟುಬಿಡು ಎಂದಿದ್ದರು. ಅದನ್ನು ಒಮ್ಮೆಲೇ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ದೇಹ ತಾನು ತಯಾರಿಸುವ ಸ್ಟೀರಾಯ್ಡನ್ನು ಅಷ್ಟರಲ್ಲಿ ಕಡಿಮೆ ಮಾಡಿಕೊಂಡಿರುತ್ತದೆ. ಸೆಳೆತದ ಮಾತ್ರೆಯೂ ಹಾಗೆಯೇ, ಒಂದು ಹೊತ್ತೂ ತಪ್ಪಬಾರದು. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ನನ್ನ ಮೊಬೈಲಿನಲ್ಲೂ ಗಂಟೆ ಬಾರಿಸುವಂತೆ ಇಟ್ಟುಕೊಂಡಿದ್ದೆ.

ರಾತ್ರಿ ಎರಡು ಗಂಟೆಗೆ ಅವಳಿಗೆ ಎಚ್ಚರವಾದಾಗ ನನಗೆ ಫೋನ್ ಮಾಡಬೇಕೆಂದು ಒಪ್ಪಂದವಾಗಿತ್ತು. ಹೆಚ್ಚಿನ ರಾತ್ರಿ ಮಾತಾಡಿದ್ದು ಕಾಯಿಲೆಯ ಬಗ್ಗೆ ಅಲ್ಲ. ಶಾಲೆಯ ಹಿಂದಿನ ನೇರಳೆ ಮರ, ಇಕ್ಕೇರಿಗೆ ನಡೆದುಕೊಂಡು ಹೋಗಿ ಬೈಸಿಕೊಂಡದ್ದು, ಅವಳ ಮೊದಲ ಕತ್ತರಿಯ ಬೆಲೆ. ಅವಳು ಅವಲಕ್ಕಿ ತಿನ್ನುತ್ತಿರುವ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು.

ಕಾಗದಪತ್ರದ ಮಾತನ್ನು ಬೇಗ ಮುಗಿಸುತ್ತೇನೆ. 2018ರಿಂದ ಇರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಗೆ ಅವಕಾಶವಿದೆ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಅವಳ ಆಧಾರ್‌ನಲ್ಲಿ ಹೆಸರು ಒಂದು ರೀತಿ, ಪಡಿತರ ಚೀಟಿಯಲ್ಲಿ ಇನ್ನೊಂದು ರೀತಿ ಇತ್ತು. ಅದನ್ನು ಸರಿಪಡಿಸಲು ಅವಳ ಗಂಡ ಐದು ಸಲ ಓಡಾಡಿದರು. ಕಾಯುವ ದಿನಗಳಲ್ಲಿ ಗೆಳೆಯರು ಧಾರಾಳವಾಗಿ ಹೊತ್ತುಕೊಳ್ಳಬಹುದಾದ ಕೆಲಸ ಇದು. ಶಸ್ತ್ರಚಿಕಿತ್ಸೆಗೆ ಬೇಕಾದ ರಕ್ತದ್ದೂ ಹಾಗೆಯೇ. ಇಲ್ಲಿಂದ ಹುಡುಗರನ್ನು ರೈಲು ಹತ್ತಿಸುವ ಬದಲು ಬೆಂಗಳೂರಿನಲ್ಲೇ ಇರುವ ನಮ್ಮೂರಿನ ಮಕ್ಕಳನ್ನು ಹುಡುಕಿದೆವು. ನನ್ನ ಹಳೆಯ ವಿದ್ಯಾರ್ಥಿಗಳೇ ನಾಲ್ವರು ಬಂದರು. ರಕ್ತ ಕೊಡುವವರಿಗೆ 18 ವರ್ಷ ತುಂಬಿರಬೇಕು, ತೂಕ 45 ಕಿಲೋಗಿಂತ ಕಡಿಮೆ ಇರಬಾರದು, ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು, ಹಿಂದಿನ ಸಲ ರಕ್ತ ಕೊಟ್ಟು ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಕಳೆದಿರಬೇಕು.

ನೋಟ್‌ಬುಕ್ಕಿನ ಪ್ರಶ್ನೆಗಳನ್ನು ಕೇಳಲು ಸಿಕ್ಕಿದ್ದು ದಾಖಲಾದ ದಿನ, ಶಸ್ತ್ರವೈದ್ಯರ ಹತ್ತು ನಿಮಿಷ. ಮೊದಲೇ ಬರೆದು ತಂದದ್ದರಿಂದ ಹತ್ತು ನಿಮಿಷ ಸಾಕಾಯಿತು. ಕೂದಲಿನ ಪ್ರಶ್ನೆಯನ್ನು ನಾನೇ ಮೊದಲು ಕೇಳಿದೆ. ಕೊಯ್ಯುವ ಗೆರೆಯ ಉದ್ದಕ್ಕೆ ಒಂದು ಪಟ್ಟಿಯಷ್ಟು ಮಾತ್ರ ತೆಗೆಯುತ್ತೇವೆ ಎಂದರು. ಅವಳು ಬಿಟ್ಟ ಉಸಿರು ನನಗೆ ಕೇಳಿಸಿತು. ಬಲಗೈ? ಕೆಲವು ವಾರ ದುರ್ಬಲವಾಗಬಹುದು, ಹೆಚ್ಚಿನವರಿಗೆ ಮರಳುತ್ತದೆ, ಖಂಡಿತವೆಂದು ಹೇಳಲಾರೆ ಎಂದರು. ಆ ಕೊನೆಯ ಮಾತಿಗಾಗಿ ಅವಳು ಅವರನ್ನು ಪೂರ್ತಿ ನಂಬಿದಳು. ಮೂಳೆಯನ್ನು ಎಲ್ಲಿಡುತ್ತೀರಿ ಎಂದು ಕೇಳಿದಳು. ಮುಚ್ಚಳದಂತೆ ತೆಗೆದದ್ದನ್ನು ಅಲ್ಲಿಯೇ ಕೂರಿಸಿ, ಟೈಟಾನಿಯಂನ ಪುಟ್ಟ ಪಟ್ಟಿ ಮತ್ತು ತಿರುಪುಗಳಿಂದ ಭದ್ರ ಮಾಡುತ್ತಾರಂತೆ. ಪೊರೆಯನ್ನು? ಗಂಟು ಅಂಟಿದ್ದಷ್ಟು ಪೊರೆಯನ್ನೂ ತೆಗೆಯಬೇಕಾಗುತ್ತದೆ, ಆ ಜಾಗಕ್ಕೆ ತಲೆಚರ್ಮದ ಒಳಪದರದಿಂದ ಒಂದು ತುಂಡು ತೆಗೆದು, ನೀರು ಸೋರದಂತೆ ಸಣ್ಣ ದಾರದಲ್ಲಿ ಸುತ್ತಲೂ ಹೊಲಿಯುತ್ತೇವೆ ಎಂದರು. ಇವಳ ಮುಖ ಅರಳಿತು. "ತೇಪೆ!" ಎಂದಳು. "ಹೊಲಿಗೆಯ ನಡುವೆ ಎಷ್ಟು ಅಂತರ ಬಿಡುತ್ತೀರಿ ಡಾಕ್ಟ್ರೇ?" ಅವರು ತಾಳ್ಮೆಯಿಂದ ಬೆರಳಿನಲ್ಲಿ ತೋರಿಸಿದರು. ಹೊರಗೆ ಬಂದ ಮೇಲೆ ಅವಳು ಹೇಳಿದ್ದು: "ಕೈಕೆಲಸದವರು. ಗೊತ್ತಾಗುತ್ತದೆ."

ಶಸ್ತ್ರಚಿಕಿತ್ಸೆ ಒಮ್ಮೆ ಮುಂದಕ್ಕೆ ಹೋಯಿತು. ಹಿಂದಿನ ರಾತ್ರಿಯಿಂದ ಉಪವಾಸ, ತಲೆಗೆ ಔಷಧಿಯ ಸ್ನಾನ, ಬಳೆ ತಾಳಿ ಬಿಚ್ಚಿಟ್ಟು ಹಸಿರು ನಿಲುವಂಗಿ ತೊಟ್ಟು ಸಿದ್ಧವಾಗಿದ್ದಳು. ಮಧ್ಯಾಹ್ನ ಒಂದು ಗಂಟೆಗೆ, ಇವತ್ತು ಆಗುವುದಿಲ್ಲ, ಅಪಘಾತದ ಕೇಸು ಬಂದಿದೆ ಎಂದರು. ಬೈಕಿನಿಂದ ಬಿದ್ದ ಹುಡುಗ. ಅವನ ತಾಯಿ ಬಾಗಿಲ ಬಳಿ ನೆಲದ ಮೇಲೆ ಕುಳಿತದ್ದನ್ನು ನಾವೂ ನೋಡಿದ್ದೆವು. ಕೋಪ ಮಾಡಿಕೊಳ್ಳಲು ಯಾರೂ ಸಿಗಲಿಲ್ಲ. ಧೈರ್ಯವನ್ನು ಒಂದು ದಿನಕ್ಕಾಗಿ ಕೂಡಿಸಿಟ್ಟುಕೊಂಡವರಿಗೆ, ಆ ದಿನ ಜಾರಿದರೆ ಮತ್ತೆ ಮೊದಲಿನಿಂದ ಕೂಡಿಸಬೇಕು. ಒಳ್ಳೆಯದಕ್ಕೇ ಆಯಿತು ಎಂದು ನಾನು ಹೇಳಲಿಲ್ಲ. ಇಡ್ಲಿ ತಂದೆ. ಅವಳು ಆರು ಇಡ್ಲಿ ತಿಂದು, ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಅಂದಿನ ರಾತ್ರಿ ಅವಳು ಅಳತೆ ಪುಸ್ತಕ ಕೇಳಿದಳು. ಅದನ್ನು ಯಾಕೆ ಬೆಂಗಳೂರಿಗೆ ತಂದಿದ್ದಳೋ ನಾನು ಕೇಳಿರಲಿಲ್ಲ. ಕೊನೆಯ ಪುಟ ತೆಗೆ, ಬರೆದುಕೋ ಎಂದಳು. ಮಗಳ ಮದುವೆಗೆ ಕೂಡಿಟ್ಟ ಚೀಟಿಯ ಹಣ ಯಾರ ಬಳಿ ಇದೆ. ದೊಡ್ಡ ಕತ್ತರಿ ಶಿಷ್ಯೆಗೆ. ಮಾತು ಹೋದರೆ, ನನ್ನೆದುರು ನನ್ನ ಬಗ್ಗೆ ನಾನಿಲ್ಲವೆಂಬಂತೆ ಮಾತಾಡಬೇಡಿ. ಬಲಗೈ ಹೋದರೆ, ನಾಲ್ಕು ಜನರೆದುರು ತುತ್ತು ತಿನ್ನಿಸಬೇಡಿ. ಚೆಲ್ಲಿದರೂ ಎಡಗೈಯಲ್ಲೇ ಕಲಿಯುತ್ತೇನೆ. ಎಚ್ಚರವೇ ಬಾರದಿದ್ದರೆ, ಮನೆ ಮಾರಿ ಆಸ್ಪತ್ರೆಗೆ ಸುರಿಯಬೇಡಿ. ಅಮ್ಮನಿಗೆ ನೀನೇ ಹೇಳಬೇಕು, ಫೋನಿನಲ್ಲಿ ಬೇಡ. ಹಸಿರು ಸೀರೆ ಉಡಿಸಿ, ರವಿಕೆ ಅದಕ್ಕೆ ಹೊಂದುವುದೇ ಇರಲಿ. ಇಷ್ಟು. ಅಪಶಕುನ, ಬಿಡು ಎನ್ನಬೇಕೆಂದು ನನಗೆ ಅನ್ನಿಸಿತು. ಬರೆದೆ. ಓದಿ ಹೇಳು ಎಂದಳು, ಓದಿದೆ. ಬೆಳಿಗ್ಗೆ ಅವಳ ಗಂಡನಿಗೂ ಅದನ್ನು ಓದಿಸಿದಳು. ಅವರು ಪೂರ್ತಿ ಓದಿ, ಒಂದೂ ಮಾತಾಡದೆ, ಕೆಳಗೆ ತಮ್ಮ ಹೆಸರು ಬರೆದರು. ನಲವತ್ತೊಂದು ದಿನಗಳಲ್ಲಿ ಅವಳು ಸೂರ್ಯ ಏರುವವರೆಗೆ ಮಲಗಿದ್ದು ಅದರ ಮರುದಿನ ಒಂದೇ ಸಲ.

ತುಳಸಿ ಹಬ್ಬದ ಬೆಳಿಗ್ಗೆ ಏಳೂವರೆಗೆ ಒಳಗೆ ಕರೆದುಕೊಂಡು ಹೋದರು. ಅವಳ ಬಳೆಗಳ ಗಂಟು ನನ್ನ ಮಡಿಲಲ್ಲಿತ್ತು. ಮಧ್ಯಾಹ್ನ ಎರಡರ ಹೊತ್ತಿಗೆ ವೈದ್ಯರು ಹೊರಗೆ ಬಂದು, ಗಂಟು ಪೂರ್ತಿ ಬಂದಿದೆ ಎಂದರು. ಸಂಜೆ ತೀವ್ರ ನಿಗಾ ಘಟಕದಲ್ಲಿ ನರ್ಸ್ ಅವಳ ಹೆಸರು ಕೇಳಿದಾಗ ಹೇಳಿದಳು. ಎಡಗೈ ಎತ್ತಿದಳು. ಬಲಗೈ ಹಾಸಿಗೆಯ ಮೇಲೆಯೇ ಸ್ವಲ್ಪ ಸರಿಯಿತು, ಅಷ್ಟೇ. ಮೂರನೆಯ ದಿನ ಎಡಗಣ್ಣು ಊದಿ ಮುಚ್ಚಿಕೊಂಡಿತು. ಹೀಗಾಗುತ್ತದೆ, ಇಳಿಯುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರಿಂದ ಮನೆಯವರು ಗಾಬರಿಯಾಗಲಿಲ್ಲ. ತೆಗೆದ ಗಂಟಿನ ಪರೀಕ್ಷೆಯ ವರದಿಯಲ್ಲಿ ಮೊದಲ ದರ್ಜೆಯ ಗಂಟು, ಅಂದರೆ ನಿಧಾನವಾಗಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಂಟು ಎಂದು ಬಂತು. ಕೈ ಮರಳಲು ಐದು ತಿಂಗಳು ಬೇಕಾಯಿತು. ರಾಗಿ ಕಾಳು ಹೆಕ್ಕುವುದು, ಬಟ್ಟೆ ಒಣಗಿಸುವ ಕ್ಲಿಪ್ಪು ಒತ್ತುವುದು, ಹಿಟ್ಟು ನಾದುವುದು ಎಂದು ದಿನಕ್ಕೆ ನಾಲ್ಕು ಹೊತ್ತು ಅಭ್ಯಾಸ. ಈಗ ಕತ್ತರಿಸುತ್ತಾಳೆ, ಹೊಲಿಯುತ್ತಾಳೆ. ಕಾಜಾ ಮಾತ್ರ ಶಿಷ್ಯೆಯೇ ಹಾಕುತ್ತಾಳೆ. ಸೆಳೆತದ ಮಾತ್ರೆ ಇನ್ನೂ ಇದೆ, ವರ್ಷಕ್ಕೊಂದು ಎಂಆರ್‌ಐ ಇದೆ.

ಯುಗಾದಿ ಕಳೆದ ಮೇಲೆ ಒಂದು ದಿನ ಅವಳು ಅಳತೆ ಪುಸ್ತಕದ ಕೊನೆಯ ಪುಟ ತೆಗೆದಳು. ಬಲಗೈಯಲ್ಲಿ ಪೆನ್ನು ಹಿಡಿದು, ಮಾತು ಹೋದರೆ ಎಂಬ ಸಾಲಿನ ಮೇಲೆ, ಬಲಗೈ ಹೋದರೆ ಎಂಬ ಸಾಲಿನ ಮೇಲೆ ಡೊಂಕಾಗಿ ಗೆರೆ ಎಳೆದಳು. ಉಳಿದವುಗಳನ್ನು ಹಾಗೆಯೇ ಬಿಟ್ಟಳು. ಆಮೇಲೆ ಪುಟ ಮಗುಚಿ ನನ್ನ ಕಡೆ ನೋಡಿ, "ನಿನ್ನದು ಹೇಳು, ಬರೆದುಕೊಳ್ಳುತ್ತೇನೆ" ಎಂದಳು.

ಬರೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ನಾನು ನಿಲ್ಲಿಸಿ ನಿಲ್ಲಿಸಿ ಹೇಳಿದೆ.